ಮಡಚಿದರೆ ಬ್ಯಾಗು, ಬಿಚ್ಚಿದರೆ ಮಂಚ

ಬೇಸಿಗೆ ರಜೆಗೆ ಪುಟ್ಟ ಮಗುವಿನೊಂದಿಗೆ ವಿದೇಶಕ್ಕೆ ಹೊರಟಿದ್ದೀರಾ? ಪಾಸ್‌ಪೋರ್ಟು, ವೀಸಾ, ಉಪ್ಪಿನಕಾಯಿ ಎಲ್ಲ ಸಿದ್ಧ. ಉಳಿದದ್ದು ಸ್ಟ್ರಾಲರ್. ಜಾಹೀರಾತಿನ ಕಿಲೊ ಲೆಕ್ಕಕ್ಕೆ ಮರುಳಾಗಬೇಡಿ. ತಳ್ಳುವಾಗ ಎಲ್ಲ ಗಾಡಿಯೂ ಹಗುರವೇ. ಬಣ್ಣ ಬಯಲಾಗುವುದು ಮೆಟ್ಟಿಲು ಎದುರಾದಾಗ.

ರಾತ್ರಿ ಹನ್ನೊಂದೂವರೆ. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್. ಭದ್ರತಾ ತಪಾಸಣೆಯ ಸಾಲಿನಲ್ಲಿ ಒಂದು ಸಂಸಾರ. ಒಂದೂವರೆ ವರ್ಷದ ಕೂಸು ಅತ್ತು ಅತ್ತು ಸ್ಟ್ರಾಲರಿನಲ್ಲಿ ಆಗಷ್ಟೇ ಕಣ್ಣು ಮುಚ್ಚಿದೆ. ಅಮ್ಮನ ಹೆಗಲಿಗೆ ಡೈಪರ್ ಬ್ಯಾಗು, ಅಪ್ಪನ ಹಲ್ಲಿನ ನಡುವೆ ಬೋರ್ಡಿಂಗ್ ಪಾಸು, ಹಿಂದೆ ಅಜ್ಜಿ.

ಮಗುವನ್ನು ಎತ್ತಿಕೊಳ್ಳಿ, ಗಾಡಿ ಮಡಚಿ ಬೆಲ್ಟಿನ ಮೇಲಿಡಿ ಎಂದು ಸಿಬ್ಬಂದಿ ಹಿಂದಿಯಲ್ಲಿ ಹೇಳಿದ್ದೇ ತಡ, ಶುರುವಾಯಿತು.

"ಇದರ ಲಾಕ್ ಎಲ್ಲೇ?"

"ಕಾಲಲ್ಲಿ ಒತ್ಬೇಕು ರೀ. ಯೂಟ್ಯೂಬಲ್ಲಿ ತೋರ್ಸಿದ್ರಲ್ಲ!"

"ಒತ್ತಿದೀನಿ. ಬರ್ತಿಲ್ಲ."

"ಮೊದ್ಲು ಮೇಲಿನ ಕೊಡೆ ಹಿಂದಕ್ಕೆ ತಳ್ಳಿ... ಅಯ್ಯೋ, ಅದಲ್ಲ!"

ಕೂಸು ಎದ್ದಿತು. ಹಿಂದೆ ನಿಂತವರೆಲ್ಲ ಗಡಿಯಾರ ನೋಡಿಕೊಂಡರು. ಅಜ್ಜಿ ಮೊಮ್ಮಗನನ್ನು ಕಂಕುಳಿಗೇರಿಸಿಕೊಂಡು, "ನಿಮ್ಮನ್ನೆಲ್ಲ ಹೀಗೆ ಎತ್ಕೊಂಡೇ ಧರ್ಮಸ್ಥಳ, ತಿರುಪತಿ ಮುಗ್ಸಿದೀವಪ್ಪ" ಎಂದರು, ಯಾರಿಗೂ ಹೇಳಿದ್ದಲ್ಲ ಎನ್ನುವಂತೆ.

ಅಜ್ಜಿಯ ಮಾತಿನಲ್ಲಿ ಹುರುಳಿದೆ. ಆದರೆ ಅರ್ಧ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಎರಡು ತುಂಬಿದ ಗಂಡುಮಗುವಿನ ಮಧ್ಯಮ ತೂಕ 12.2 ಕಿಲೊ, ಹೆಣ್ಣುಮಗುವಿನದು 11.5 ಕಿಲೊ. ಧರ್ಮಸ್ಥಳದಲ್ಲಿ ಎತ್ತಿಕೊಳ್ಳಲು ದೊಡ್ಡಮ್ಮ, ಸೋದರಮಾವ, ಸಾಲಿನಲ್ಲಿ ನಿಂತ ಅಪರಿಚಿತರು ಎಲ್ಲರೂ ಕೈಚಾಚುತ್ತಾರೆ. ಲಂಡನ್ನಿನಲ್ಲಿ ಗಂಡ ಹೆಂಡತಿ ಇಬ್ಬರೇ. ಮ್ಯೂಸಿಯಂನಿಂದ ಪಾರ್ಕಿಗೆ, ಪಾರ್ಕಿನಿಂದ ನದಿ ದಂಡೆಗೆ ನಡೆದು ಸಂಜೆಯಾಗುವ ಹೊತ್ತಿಗೆ ಆ ಹನ್ನೆರಡು ಕಿಲೊ ಇಪ್ಪತ್ತಾಗಿರುತ್ತದೆ.

ನಮ್ಮಲ್ಲಿ ಸ್ಟ್ರಾಲರ್ ಕೊಂಡವರೂ ಅದನ್ನು ಅಪಾರ್ಟ್‌ಮೆಂಟಿನ ಗೇಟು ದಾಟಿಸುವುದು ಅಪರೂಪ. ದಾಟಿಸಿದರೆ ಎದ್ದ ಚಪ್ಪಡಿ, ಟ್ರಾನ್ಸ್‌ಫಾರ್ಮರ್, ಫುಟ್‌ಪಾತ್ ಮೇಲೆ ನಿಂತ ಸ್ಕೂಟರ್. ಹೀಗಾಗಿ ಗಾಡಿಯನ್ನು ಮಡಚಿ, ಎತ್ತಿ, ಬಿಚ್ಚಿ ಅಭ್ಯಾಸವೇ ಇಲ್ಲ. ಪೆಟ್ಟಿಗೆ ಒಡೆದ ನಾಲ್ಕನೇ ದಿನಕ್ಕೆ ವಿಮಾನ. ಪರೀಕ್ಷೆ ನೇರವಾಗಿ ಪರದೇಶದಲ್ಲಿ.

ಯುದ್ಧವಿಮಾನದ ಕಾಲು, ಮಗುವಿನ ಗಾಲಿ

ಹಗುರ ಸ್ಟ್ರಾಲರ್ ಹುಟ್ಟಿದ್ದೇ ಇಂಥದೊಂದು ಪ್ರಯಾಣದ ಫಜೀತಿಯಿಂದ. ಓವೆನ್ ಮೆಕ್ಲಾರೆನ್ ಬ್ರಿಟನ್ನಿನ ವಿಮಾನ ಎಂಜಿನಿಯರ್. ಎರಡನೇ ಮಹಾಯುದ್ಧದ ಹೆಸರಾಂತ ಸ್ಪಿಟ್‌ಫೈರ್ ಯುದ್ಧವಿಮಾನದ ಗಾಲಿಕಾಲಿನ ವಿನ್ಯಾಸದಲ್ಲಿ ದುಡಿದವರು. ನೆಲ ಬಿಟ್ಟೊಡನೆ ರೆಕ್ಕೆಯೊಳಗೆ ಮಡಚಿಕೊಳ್ಳುವ ಕಾಲು ಅದು.

ನಿವೃತ್ತಿಯ ನಂತರ, ವಿದೇಶದಲ್ಲಿದ್ದ ಮಗಳು ಮೊಮ್ಮಗುವಿನೊಂದಿಗೆ ತವರಿಗೆ ಬಂದಳು. ಜೊತೆಗೊಂದು ಭಾರೀ ಗಾಡಿ. ಅದರೊಂದಿಗೆ ಆಕೆ ಒದ್ದಾಡುವುದನ್ನು ಕಂಡ ತಾತ ಕೈಕಟ್ಟಿ ಕೂರಲಿಲ್ಲ. ಅಲ್ಯೂಮಿನಿಯಂ ಕೊಳವೆ, ಮಡಚುವ ಕೀಲು ಎರಡೂ ಅವರಿಗೆ ಕರತಲಾಮಲಕ. 1965ರ ಜುಲೈನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1967ರಲ್ಲಿ ಕೊಡೆಯಂತೆ ಮಡಚುವ ಬಿ-01 ಮಾರುಕಟ್ಟೆಗೆ ಬಂತು. ತೂಕ ಆರು ಪೌಂಡ್, ಅಂದರೆ ಮೂರು ಕಿಲೊಗಿಂತ ಕಡಿಮೆ.

ಇಲ್ಲೊಂದು ಸ್ವಾರಸ್ಯವಿದೆ. ಅಷ್ಟು ದಶಕಗಳ ಬಳಿಕ, ಇಂದಿನ 'ಸೂಪರ್ ಲೈಟ್' ಗಾಡಿಗಳಲ್ಲಿ ಬಹುತೇಕವು ಆ ಮೊದಲ ಗಾಡಿಗಿಂತ ಭಾರ. ನಾಲ್ಕೂವರೆಯಿಂದ ಏಳು ಕಿಲೊವರೆಗೆ ತೂಗುತ್ತವೆ. ಎಂಜಿನಿಯರುಗಳು ದಡ್ಡರಾದರೆಂದಲ್ಲ. ಮೆಕ್ಲಾರೆನ್ ಗಾಡಿ ಎಂದರೆ ಕೊಳವೆಗಳ ನಡುವೆ ತೂಗುಬಿಟ್ಟ ಪಟ್ಟೆಪಟ್ಟೆ ಬಟ್ಟೆ, ಅಷ್ಟೆ. ಇವತ್ತಿನದರಲ್ಲಿ ಒರಗುವ ಬೆನ್ನು, ಬಿಸಿಲು ತಡೆಯುವ ಕೊಡೆ, ಐದು ಕಡೆ ಬಿಗಿಯುವ ಬೆಲ್ಟು, ಬ್ರೇಕು, ಕೆಳಗೊಂದು ಬುಟ್ಟಿ ಎಲ್ಲ ಇವೆ. ಹಾಗಾಗಿ ಒಂದು ಗಾಡಿ ಇನ್ನೊಂದಕ್ಕಿಂತ ಎರಡು ಕಿಲೊ ಹಗುರ ಎಂದು ಅಂಗಡಿಯವರು ಹೇಳಿದರೆ, ಏನನ್ನು ಕಿತ್ತು ಹಗುರ ಮಾಡಿದ್ದೀರಿ ಎಂದು ಕೇಳುವುದು ಗಿರಾಕಿಯ ಕೆಲಸ.

[ಬಾಕ್ಸ್] ಮೇಕೆ ಎಳೆದ ಗಾಡಿ

1733ರ ಸುಮಾರಿಗೆ ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಕೆಂಟ್, ಡೆವನ್‌ಶೈರ್‌ನ ಮೂರನೇ ಡ್ಯೂಕ್‌ನ ಮಕ್ಕಳಿಗಾಗಿ ಚಿಪ್ಪಿನಾಕಾರದ ಪುಟ್ಟ ಗಾಡಿಯೊಂದನ್ನು ರೂಪಿಸಿದ. ಎಳೆಯುತ್ತಿದ್ದುದು ಮೇಕೆ ಅಥವಾ ಸಣ್ಣ ಕುದುರೆ. ಅಪ್ಪ ಅಮ್ಮ ಹಿಂದಿನಿಂದ ತಳ್ಳುವ ಗಾಡಿ ರೂಢಿಗೆ ಬಂದದ್ದು ಆಮೇಲೆ.

ಕೊಡೆಯೋ, ಪೆಟ್ಟಿಗೆಯೋ?

ಪ್ರಯಾಣದ ಗಾಡಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೆಕ್ಲಾರೆನ್ ವಂಶದ್ದು ಮಡಚಿದರೆ ಉದ್ದ ಕೋಲಿನಂತಾಗುತ್ತದೆ. ಅಗ್ಗ, ಗಟ್ಟಿ. ಟ್ಯಾಕ್ಸಿಯ ಡಿಕ್ಕಿಯಲ್ಲಿ ಮೂಲೆ ಸೇರಿಕೊಳ್ಳುತ್ತದೆ. ಆದರೆ ಒಂದು ಮೀಟರಿನಷ್ಟು ಉದ್ದದ ಆ ಕೋಲನ್ನು ವಿಮಾನದ ತಲೆಯ ಮೇಲಿನ ಅಟ್ಟದಲ್ಲಿ ತುರುಕಲು ಸಾಮಾನ್ಯವಾಗಿ ಆಗದು.

ಎರಡನೆಯದು, ಮೂರು ಮಡಿಕೆಯಾಗಿ ಪೆಟ್ಟಿಗೆಯಾಗುವಂಥದ್ದು. ಫ್ರಾನ್ಸಿನ ಬೇಬಿಜೆನ್ ಕಂಪನಿ 2012ರಲ್ಲಿ ತಂದ 'ಯೋಯೋ' ಈ ಜಾತಿಗೆ ಹೆಸರು ತಂದುಕೊಟ್ಟಿತು. ಮಡಚಿದಾಗ 52 ಸೆಂಟಿಮೀಟರ್ ಉದ್ದ, 44 ಅಗಲ, 18 ದಪ್ಪ. ತೂಕ ಸುಮಾರು ಆರು ಕಿಲೊ. ಹೆಗಲಿಗೆ ನೇತುಹಾಕಲು ಪಟ್ಟಿ ಬೇರೆ. ಎರಡು ವರ್ಷದ ನಂತರ ಜಿಬಿ ಕಂಪನಿಯ 'ಪಾಕಿಟ್' ಬಂತು. ಮಡಚಿದರೆ 35, 30, 18 ಸೆಂಟಿಮೀಟರ್. ಅತ್ಯಂತ ಪುಟ್ಟದಾಗಿ ಮಡಚಿಕೊಳ್ಳುವ ಸ್ಟ್ರಾಲರ್ ಎಂದು ಗಿನ್ನೆಸ್ ದಾಖಲೆ ಸೇರಿತು. ಈಗ ಅದೇ ಅಚ್ಚಿನಲ್ಲಿ ಲವ್‌ಲ್ಯಾಪ್, ಆರ್ ಫಾರ್ ರ್‍ಯಾಬಿಟ್‌ನಂಥ ನಮ್ಮ ದೇಶದ ಕಂಪನಿಗಳೂ ಗಾಡಿ ಮಾರುತ್ತಿವೆ. ಬೆಲೆ ಕೆಲವೇ ಸಾವಿರದಿಂದ ಹಿಡಿದು, ಹೊರದೇಶದ ಬ್ರ್ಯಾಂಡ್ ಆದರೆ ನಲವತ್ತು ಸಾವಿರ ದಾಟುವವರೆಗೂ ಇದೆ.

ದಾಖಲೆ ಮುರಿದ ಪಾಕಿಟ್‌ನ ಮೊದಲ ಮಾದರಿಯಲ್ಲಿ ಬೆನ್ನು ಹಿಂದಕ್ಕೆ ಒರಗುತ್ತಿರಲಿಲ್ಲ. ಕೂತಲ್ಲೇ ತೂಕಡಿಸುವ ಮಗುವಿನ ತಲೆ ಮುಂದಕ್ಕೆ ವಾಲುತ್ತದೆ. ಪುಟ್ಟದಾಗುವುದಕ್ಕೆ ತೆತ್ತ ಬೆಲೆ ಅದು. ಒರಗುವ ಬೆನ್ನಿನ ಮಾದರಿ ಆಮೇಲೆ ಬಂತು, ತೂಕವೂ ಜೊತೆಗೇ ಏರಿತು.

ಚೀಟಿಯ ಮೇಲೆ 'ಕ್ಯಾಬಿನ್ ಸೈಜ್'

ಈ ಎರಡು ಪದಗಳಿಗೆ ಮೋಸ ಹೋಗುವವರು ಬಹಳ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ, ಅಂದರೆ ಅಯಾಟಾ, ಕೈಚೀಲಕ್ಕೆ ಸೂಚಿಸುವ ಗರಿಷ್ಠ ಅಳತೆ 56, 45, 25 ಸೆಂಟಿಮೀಟರ್. ಯೋಯೋ ಅದರೊಳಗೆ ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ಇದು ಸೂಚನೆ ಮಾತ್ರ. ಪ್ರತಿ ವಿಮಾನ ಸಂಸ್ಥೆಗೂ ಅದರದೇ ಅಳತೆ. ಇಂಡಿಗೊದ ಕೈಚೀಲದ ಮಿತಿ 55, 35, 25 ಸೆಂಟಿಮೀಟರ್, ತೂಕ 7 ಕಿಲೊ. ಮೂರೂ ಅಳತೆ ಕೂಡಿದರೆ 115. ಯೋಯೋದ್ದು ಕೂಡಿದರೆ 114. ಮೊತ್ತದಲ್ಲಿ ಪಾಸು, ಅಗಲದಲ್ಲಿ ಒಂಬತ್ತು ಸೆಂಟಿಮೀಟರ್ ಫೇಲು! ಯುರೋಪಿನೊಳಗೆ ಅಗ್ಗದ ಟಿಕೆಟ್ಟಿನಲ್ಲಿ ಓಡಾಡುವವರ ಕಥೆ ಇನ್ನೂ ಬಿಗಿ. ಈಸಿಜೆಟ್ ಪುಕ್ಕಟೆ ಬಿಡುವ ಚೀಲ 45, 36, 20 ಸೆಂಟಿಮೀಟರ್ ಮೀರುವಂತಿಲ್ಲ.

ಅಳತೆಯೊಳಗಿದ್ದರೂ ಅಟ್ಟ ತುಂಬಿದ್ದರೆ, 'ಕೊಡಿ, ಕೆಳಗೆ ಹಾಕುತ್ತೇವೆ' ಎನ್ನುವ ಹಕ್ಕು ವಿಮಾನದ ಸಿಬ್ಬಂದಿಯದು. ಜಗಳ ಮಾಡಿ ಗೆಲ್ಲುವ ಜಾಗವಲ್ಲ ಅದು. ಹೊರಡುವ ಮೊದಲು ವಿಮಾನ ಸಂಸ್ಥೆಗೆ ಇಮೇಲ್ ಬರೆದು, ಗಾಡಿಯ ಹೆಸರು, ಮಡಚಿದ ಅಳತೆ ತಿಳಿಸಿ ಉತ್ತರ ಪಡೆದುಕೊಳ್ಳಿ. ಮೊಬೈಲಿನಲ್ಲಿ ಆ ಉತ್ತರ ಇದ್ದರೆ ಬಾಗಿಲಲ್ಲಿ ಮಾತು ಸಲೀಸು.

ಅಂದಹಾಗೆ, ಒಳಗೇ ಒಯ್ಯಬೇಕೆಂಬ ಹಟವಾದರೂ ಯಾಕೆ? ಹೆಚ್ಚಿನ ವಿಮಾನ ಸಂಸ್ಥೆಗಳು ಮಗುವಿನ ಜೊತೆ ಒಂದು ಸ್ಟ್ರಾಲರನ್ನು ಪ್ರತ್ಯೇಕ ಶುಲ್ಕವಿಲ್ಲದೆ ಸಾಗಿಸುತ್ತವೆ. ಹಲವೆಡೆ ವಿಮಾನದ ಬಾಗಿಲವರೆಗೂ ತಳ್ಳಿಕೊಂಡು ಹೋಗಿ, ಅಲ್ಲಿ ಟ್ಯಾಗು ಕಟ್ಟಿಸಿ ಕೊಡಬಹುದು. ಕಷ್ಟವಿರುವುದು ಕೊಡುವುದರಲ್ಲಲ್ಲ, ಪಡೆಯುವುದರಲ್ಲಿ. ಕೆಲವು ನಿಲ್ದಾಣಗಳಲ್ಲಿ ಇಳಿದ ಬಾಗಿಲಲ್ಲೇ ಕೈಗೆ ಬರುತ್ತದೆ. ಕೆಲವೆಡೆ ವಲಸೆ ತಪಾಸಣೆಯ ಉದ್ದ ಸಾಲು ಮುಗಿದ ಮೇಲೆ, ಲಗೇಜ್ ಬೆಲ್ಟಿನಲ್ಲಿ. ಆ ಸಾಲಿನಲ್ಲಿ ಹದಿನಾಲ್ಕು ಗಂಟೆ ಪ್ರಯಾಣಿಸಿದ ಮಗು ಮತ್ತೆ ನಿಮ್ಮ ಸೊಂಟದ ಮೇಲೆಯೇ. ಟ್ಯಾಗು ಕಟ್ಟುವಾಗಲೇ 'ಎಲ್ಲಿ ಸಿಗುತ್ತದೆ?' ಎಂದು ಕೇಳಿ. ನಡುವೆ ವಿಮಾನ ಬದಲಿಸುವವರಂತೂ ಕೇಳಲೇಬೇಕು. ದುಬೈ, ಸಿಂಗಪುರದ ಚಾಂಗಿ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಪುಕ್ಕಟೆ ಸ್ಟ್ರಾಲರುಗಳಿರುತ್ತವೆ. ಕೇಳಿದರೆ ತೋರಿಸುತ್ತಾರೆ.

ಕೆಳಗೆ ಹೋದ ಗಾಡಿ ಗಾಲಿ ಮುರಿದು ಬಂದರೆ? ನಿಲ್ದಾಣ ಬಿಡುವ ಮುನ್ನವೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಲಿಖಿತ ದೂರು ಕೊಡಿ, ಫೋಟೊ ತೆಗೆಯಿರಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಾನಿಗೊಂಡ ಲಗೇಜಿನ ದೂರನ್ನು ಕೈಗೆ ಬಂದ 7 ದಿನದೊಳಗೆ ಲಿಖಿತವಾಗಿ ಕೊಡಬೇಕು. ಭಾರತವೂ ಈ ಒಪ್ಪಂದಕ್ಕೆ ಒಳಪಟ್ಟಿದೆ. ಎಂಟನೇ ದಿನ ನೆನಪಾದರೆ ಪ್ರಯೋಜನವಿಲ್ಲ.

ಊರು ನೋಡಿ ಗಾಡಿ ಕೊಳ್ಳಿ

ಎಲ್ಲರೂ ಕೇಳುವ ಪ್ರಶ್ನೆ: ಯಾವ ಸ್ಟ್ರಾಲರ್ ಒಳ್ಳೆಯದು? ಕೇಳಬೇಕಾದದ್ದು: ಎಲ್ಲಿಗೆ ಹೋಗುತ್ತಿದ್ದೇವೆ?

ಪ್ಯಾರಿಸ್ ಆದರೆ ಮೆಟ್ಟಿಲು ಎಣಿಸಲು ಸಿದ್ಧರಾಗಿ. ಅಲ್ಲಿನ ಮೆಟ್ರೊ ಜಾಲ ಹಳೆಯದು. ಆರಂಭದಿಂದ ಕೊನೆಯವರೆಗೆ ಮೆಟ್ಟಿಲಿಲ್ಲದೆ ಓಡಾಡಬಹುದಾದ ಮಾರ್ಗ 14ನೆಯದು ಮಾತ್ರ. ಲಂಡನ್ ಅಂಡರ್‌ಗ್ರೌಂಡಿನ 272 ನಿಲ್ದಾಣಗಳಲ್ಲಿ ರಸ್ತೆಯಿಂದ ಪ್ಲಾಟ್‌ಫಾರ್ಮಿಗೆ ಮೆಟ್ಟಿಲಿಲ್ಲದ ದಾರಿ ಇರುವುದು ಮೂರರಲ್ಲಿ ಒಂದಂಶದಷ್ಟಕ್ಕೆ. ಉಳಿದೆಡೆ ಒಬ್ಬರು ಮಗುವನ್ನೆತ್ತಬೇಕು, ಇನ್ನೊಬ್ಬರು ಗಾಡಿಯನ್ನು. ಇಬ್ಬರಲ್ಲೊಬ್ಬರು ಸೂಟ್‌ಕೇಸ್ ಹಿಡಿದಿದ್ದರೆ ಮುಗಿಯಿತು ಕಥೆ. ಆರು ಕಿಲೊ, ಎಂಟು ಕಿಲೊಗಳ ಅಂತರ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ಮೂವತ್ತನೇ ಮೆಟ್ಟಿಲಲ್ಲಿ ಸೊಂಟಕ್ಕೆ ಗೊತ್ತಾಗುತ್ತದೆ. ಲಂಡನ್ ಪ್ರಯಾಣಿಕರಿಗೆ ನನ್ನ ಸಲಹೆ ಬಸ್ಸು. ಕೆಂಪು ಬಸ್ಸಿನ ಮಧ್ಯದ ಬಾಗಿಲ ಬಳಿ ಗಾಡಿಗೆಂದೇ ಜಾಗವಿದೆ. ಗಾಲಿಕುರ್ಚಿಯಲ್ಲಿ ಬಂದವರಿಗೆ ಮೊದಲ ಆದ್ಯತೆ. ಅವರು ಹತ್ತಿದರೆ ಗಾಡಿ ಮಡಚಿ ಜಾಗ ಬಿಡಬೇಕು. ಬೇಗ ಮಡಚುವುದು ಬಂದಿದ್ದರೆ ಮರ್ಯಾದೆ ಉಳಿಯುತ್ತದೆ.

ರೋಮ್, ಪ್ರಾಗ್‌ನ ಹಳೆಯ ಬೀದಿಗಳದ್ದು ಬೇರೆಯೇ ತಂಟೆ. ಕಲ್ಲು ಹಾಸಿನ ನೆಲ. ಪುಟ್ಟ ಗಟ್ಟಿ ಗಾಲಿಗಳು ಕಲ್ಲಿನ ಸಂದಿಗೆ ಸಿಕ್ಕಿ ತಟ್ಟನೆ ನಿಲ್ಲುತ್ತವೆ, ಮಗು ಮುಂದಕ್ಕೆ ಜೋಲಿ ಹೊಡೆಯುತ್ತದೆ. ಅಲ್ಲಿ ಹಗುರಕ್ಕಿಂತ ಗಾಲಿಯ ಗಾತ್ರವೂ ಅದರ ಮೇಲಿನ ಸ್ಪ್ರಿಂಗೂ ಮುಖ್ಯ. ವೆನಿಸ್‌ಗೆ ಹೋಗುವವರು ಗಾಡಿಯ ಆಸೆಯನ್ನೇ ಬಿಡಬಹುದು. ನಾನೂರಕ್ಕೂ ಹೆಚ್ಚು ಸೇತುವೆಗಳ ಊರದು, ಬಹುತೇಕ ಸೇತುವೆಗಳಿಗೆ ಮೆಟ್ಟಿಲು. ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ಒಂದಿದ್ದರೆ ಸಾಕು. ಅಜ್ಜಿ ಗೆಲ್ಲುವ ಊರು!

ಸಿಂಗಪುರ ಇದಕ್ಕೆ ಪೂರಾ ತದ್ವಿರುದ್ಧ. ಎಂಆರ್‌ಟಿ ನಿಲ್ದಾಣಗಳಲ್ಲಿ ಲಿಫ್ಟು, ನುಣುಪು ಕಾಲುದಾರಿ. 2017ರಿಂದ ಬಸ್ಸಿನಲ್ಲೂ ಗಾಡಿ ಮಡಚದೆ ಹತ್ತಬಹುದು. ಜಪಾನ್ 2014ರಲ್ಲಿ ಇಂಥದೇ ನಿರ್ಧಾರಕ್ಕೆ ಬಂದು, ರೈಲು ಬಸ್ಸುಗಳಲ್ಲಿ ಗಾಡಿ ಮಡಚಬೇಕಿಲ್ಲ ಎಂದು ಸಾರುವ ಚಿಹ್ನೆಯನ್ನೇ ಮಾಡಿತು. ನಿಯಮವೇನೋ ಹಾಗಿದೆ, ಟೋಕಿಯೊದ ಬೆಳಗಿನ ಎಂಟು ಗಂಟೆಯ ರೈಲಿಗೆ ಗಾಡಿ ತೂರಿಸುವುದು ಮೆಜೆಸ್ಟಿಕ್‌ನಲ್ಲಿ ಸಂಜೆ ಆರಕ್ಕೆ ಬಸ್ಸು ಹತ್ತಿದಷ್ಟೇ ಸಾಹಸ.

ಇನ್ನು ಅಮೆರಿಕ. ನಮ್ಮವರಲ್ಲಿ ಹೆಚ್ಚಿನವರು ಹೋಗುವುದು ಅಣ್ಣನ ಮನೆಗೋ ಅಕ್ಕನ ಮನೆಗೋ, ಉಪನಗರಕ್ಕೆ. ಅಲ್ಲಿ ಮನೆ ಬಾಗಿಲಿನಿಂದ ಮಾಲ್ ಬಾಗಿಲವರೆಗೂ ಕಾರು. ಸ್ಟ್ರಾಲರಿನ ತೂಕಕ್ಕೆ ಅಲ್ಲಿ ಅಂಥ ಬೆಲೆಯಿಲ್ಲ. ಮರೆಯುವುದು ಕಾರ್ ಸೀಟನ್ನು. ಐವತ್ತೂ ರಾಜ್ಯಗಳಲ್ಲಿ ಪುಟ್ಟ ಮಕ್ಕಳನ್ನು ಕಾರಿನಲ್ಲಿ ಪ್ರತ್ಯೇಕ ಸುರಕ್ಷತಾ ಆಸನದಲ್ಲಿ ಕೂರಿಸಬೇಕೆಂಬ ಕಾನೂನಿದೆ. ತೊಡೆಯ ಮೇಲೆ ಕೂರಿಸಿಕೊಂಡು ನಿಲ್ದಾಣದಿಂದ ಮನೆಗೆ ಹೋಗುವ ಹಾಗಿಲ್ಲ. ಸ್ಟ್ರಾಲರಿಗೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡಿ. ಡಿಸ್ನಿ ಪಾರ್ಕಿನ ಯೋಜನೆಯಿದ್ದರೆ ಇದೂ ಗೊತ್ತಿರಲಿ: 2019ರ ಮೇ ತಿಂಗಳಿಂದ ಅಲ್ಲಿ 79 ಸೆಂಟಿಮೀಟರ್ ಅಗಲ, 132 ಸೆಂಟಿಮೀಟರ್ ಉದ್ದ ಮೀರಿದ ಗಾಡಿಗೆ ಪ್ರವೇಶವಿಲ್ಲ. ಪ್ರಯಾಣದ ಗಾಡಿಗಳು ಇದರ ಹತ್ತಿರವೂ ಬರುವುದಿಲ್ಲ, ಚಿಂತೆ ಬೇಡ.

ಮಧ್ಯಾಹ್ನದ ಮಧ್ಯರಾತ್ರಿ

ಬೇಸಿಗೆಯಲ್ಲಿ ಬೆಂಗಳೂರಿಗೂ ನ್ಯೂಯಾರ್ಕಿಗೂ ಒಂಬತ್ತೂವರೆ ಗಂಟೆಯ ಅಂತರ. ಅಲ್ಲಿ ಮಧ್ಯಾಹ್ನ ಮೂರಾದಾಗ ಮಗುವಿನ ಮೈಯ ಗಡಿಯಾರದಲ್ಲಿ ರಾತ್ರಿ ಹನ್ನೆರಡೂವರೆ. ಮೊದಲ ಕೆಲವು ದಿನ ಮಗು ಮ್ಯೂಸಿಯಂ ಮಧ್ಯೆ, ಹೋಟೆಲಿನಲ್ಲಿ ಊಟದ ಮಧ್ಯೆ ಸತ್ತಂತೆ ನಿದ್ದೆ ಹೋಗುತ್ತದೆ. ಆ ಹೊತ್ತಿಗೆ ಗಾಡಿಯೇ ಮಂಚ. ಬೆನ್ನು ಹೆಚ್ಚೂಕಡಿಮೆ ಸಪಾಟಾಗಿ ಒರಗುವ, ಕೊಡೆ ಮೂಗಿನವರೆಗೂ ಇಳಿಯುವ ಗಾಡಿಗೆ ಒಂದು ಕಿಲೊ ಹೆಚ್ಚು ತೂಕವಿದ್ದರೂ ನಾನು ಅದನ್ನೇ ಆರಿಸುತ್ತೇನೆ. ಮಗು ನಿದ್ದೆ ಮಾಡಿದರೆ ಅಪ್ಪ ಅಮ್ಮ ಬಿಸಿಬಿಸಿ ಕಾಫಿ ಕುಡಿಯಬಹುದು. ಅದಕ್ಕಿಂತ ದೊಡ್ಡ ಪ್ರವಾಸಿ ತಾಣ ಯಾವುದಿದೆ?

ಬಿಸಿಲು ತಡೆಯಲೆಂದು ಗಾಡಿಗೆ ಪೂರ್ತಿ ಬಟ್ಟೆ ಹೊದಿಸುವ ಅಭ್ಯಾಸ ಮಾತ್ರ ಬಿಡಿ. ಒಣಬಟ್ಟೆ ಮುಚ್ಚಿದರೆ ಗಾಳಿಯಾಡದೆ ಒಳಗಿನ ಶಾಖ ಏರುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒದ್ದೆ ಮಾಡಿದ ತೆಳು ಮಲ್ಮಲ್ ಬಟ್ಟೆಯ ಜೊತೆ ಪುಟ್ಟ ಫ್ಯಾನ್ ಇಟ್ಟಾಗ ಗಾಡಿಯೊಳಗೆ ತಂಪಾಯಿತು. ಒಣಬಟ್ಟೆ ಹೊದಿಸಿದಾಗ ಕಾವು ಹೆಚ್ಚಿತು. ಜೂನ್ ತಿಂಗಳ ರೋಮ್, ಮೇ ತಿಂಗಳ ದುಬೈಗೆ ಹೋಗುವವರು ನೆನಪಿಡಬೇಕು.

[ಬಾಕ್ಸ್] ಬೆರಳು ಜೋಪಾನ

ಹಗುರ ಗಾಡಿ ಎಂದರೆ ಮಡಿಕೆ ಹೆಚ್ಚು, ಮಡಿಕೆ ಹೆಚ್ಚೆಂದರೆ ಕೀಲು ಹೆಚ್ಚು. ಕೀಲಿಗೆ ಸಿಕ್ಕಿ ಮಕ್ಕಳ ಬೆರಳತುದಿ ತುಂಡಾದ 12 ದೂರುಗಳ ಬಳಿಕ, 2009ರ ನವೆಂಬರಿನಲ್ಲಿ ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಮೆಕ್ಲಾರೆನ್ ಗಾಡಿಗಳ ರೀಕಾಲ್ ನಡೆದು, ಕೀಲು ಮುಚ್ಚುವ ಕವಚ ಹಂಚಲಾಯಿತು. ಗಾಡಿ ಬಿಚ್ಚುವಾಗ, ಮಡಚುವಾಗ ಮಗು ದೂರವಿರಲಿ.

ಹಿಡಿಕೆಗೆ ಶಾಪಿಂಗ್ ಚೀಲ ತೂಗುಹಾಕಬೇಡಿ. ಮಗುವನ್ನು ಎತ್ತಿದ ಕ್ಷಣ ಹಗುರ ಗಾಡಿ ಹಿಂದಕ್ಕೆ ಮಗುಚುತ್ತದೆ.

ಐದು ಕಡೆ ಬಿಗಿಯುವ ಬೆಲ್ಟು ಇರಲಿ. ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್ 833 ಮಾನದಂಡದ ಉಲ್ಲೇಖ ಇದೆಯೇ ನೋಡಿ. ಕೆಲವು ಗಾಡಿಗಳ ಮಿತಿ 15 ಕಿಲೊ, ಕೆಲವದು 22 ಕಿಲೊ. ಮಗುವಿಗೆ ಎರಡೂವರೆ ವರ್ಷವಾಗಿದ್ದರೆ ಈ ಅಂತರ ದೊಡ್ಡದು.

ಕೊಳ್ಳಲೇಬೇಕೇ?

ಒಂದೇ ಊರಲ್ಲಿ, ನೆಂಟರ ಮನೆಯಲ್ಲಿ ತಿಂಗಳು ಉಳಿಯುವವರಾದರೆ ಇಲ್ಲಿಂದ ಹೊತ್ತೊಯ್ಯುವ ಅಗತ್ಯವೇ ಇಲ್ಲ. ಅಲ್ಲಿನ ಮನೆಗಳ ಗ್ಯಾರೇಜಿನಲ್ಲಿ ಬೆಳೆದ ಮಕ್ಕಳ ಗಾಡಿಗಳು ಧೂಳು ತಿನ್ನುತ್ತಿರುತ್ತವೆ. ಅಕ್ಕನಿಗೆ ಹೇಳಿ, ಅವರ ಊರಿನ ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಾಲು ಹಾಕಿಸಿ. ಗಾಡಿಯ ಜೊತೆ ಊಟದ ಕರೆಯೂ ಬಂದೀತು. ಬಾಡಿಗೆಗೂ ಸಿಗುತ್ತದೆ, ನಾಲ್ಕಾರು ದಿನಕ್ಕಾದರೆ ಅದೇ ಲಾಭ.

ಕೊಳ್ಳುವುದೇ ಆದರೆ ನನ್ನ ತೀರ್ಪು ಇಷ್ಟು. ಎರಡು ಮೂರು ಊರು ಸುತ್ತುವ, ರೈಲು ಬಸ್ಸು ಹತ್ತುವ ಪ್ರವಾಸಕ್ಕೆ ಆರು ಕಿಲೊ ಆಸುಪಾಸಿನ, ಪೆಟ್ಟಿಗೆಯಂತೆ ಮಡಚುವ, ಬೆನ್ನು ಚೆನ್ನಾಗಿ ಒರಗುವ, ಹೆಗಲಪಟ್ಟಿ ಇರುವ ಗಾಡಿ. ನಾಲ್ಕು ಕಿಲೊ ಗಾಡಿಯ ಹಿಂದೆ ಬಿದ್ದು ಮಗುವಿನ ನಿದ್ದೆ ಕಳೆಯಬೇಡಿ. ಮೆಟ್ಟಿಲಿನ ಊರಾದರೆ ಜೊತೆಗೊಂದು ಬೇಬಿ ಕ್ಯಾರಿಯರ್. ಅಂಗಡಿಯಲ್ಲಿ ಗಾಡಿಯನ್ನು ತಳ್ಳಿ ನೋಡುವುದು ಎಲ್ಲರೂ ಮಾಡುವ ಕೆಲಸ. ನೀವು ಮಗುವನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಮಡಚಿ ನೋಡಿ. ಎತ್ತರದವರು ತಳ್ಳುವಾಗ ಕಾಲು ಹಿಂದಿನ ಗಾಲಿಗೆ ತಾಗುತ್ತದೆಯೇ ಗಮನಿಸಿ.

ಕೊಂಡ ಮೇಲೆ, ಹೊರಡುವ ಮುನ್ನ ಒಂದು ಭಾನುವಾರ ಮಗುವನ್ನು ಕೂರಿಸಿಕೊಂಡು ನಮ್ಮ ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಬನ್ನಿ. ಲಗೇಜ್ ಸ್ಕ್ಯಾನರ್, ಲಿಫ್ಟು, ಕಿರಿದಾದ ಗೇಟು, ನೇರಳೆ ಮಾರ್ಗದಿಂದ ಹಸಿರಿಗೆ ಬದಲಾಗುವ ಜನಜಂಗುಳಿ ಎಲ್ಲ ಅಲ್ಲೇ ಇವೆ. ಎಸ್ಕಲೇಟರ್ ಮೇಲೆ ಮಾತ್ರ ಗಾಡಿ ಹತ್ತಿಸಬೇಡಿ. ಬಿಲ್ಲು ಮತ್ತು ಪೆಟ್ಟಿಗೆಯನ್ನು ಎತ್ತಿಟ್ಟಿರಿ. ಗಾಡಿ ಹೊಂದದಿದ್ದರೆ ವಾಪಸ್ ಕೊಡಲು ಅವು ಬೇಕಾಗುತ್ತವೆ.